ಆರು ಜನರಲ್ಲಿ ಒಬ್ಬರೂ ಸೇನಾಪತಿಯನ್ನು ಬದಲಿಸಲಿಲ್ಲ

ನಾನು ಬೆಂಗಳೂರಿನ ಒಂದು ಸಣ್ಣ ಗೇಮ್ ಸ್ಟುಡಿಯೋದಲ್ಲಿ ಸಿನಾರಿಯೋ ಡಿಸೈನರ್. ಕೋಡ್ ಬರೆಯುವವರು, ಚಿತ್ರ ಬರೆಯುವವರು ಬೇರೆ. ಯಾವ ಕೋಟೆ ಯಾರ ಕೈಯಲ್ಲಿರಬೇಕು, ಎಷ್ಟು ದಂಡು, ಎಷ್ಟು ದವಸ, ಆಟ ಯಾವಾಗ ಮುಗಿಯಬೇಕು, ಇದೆಲ್ಲ ನನ್ನ ತಲೆನೋವು. ಹೋದ ವರ್ಷ ನನ್ನ ಪಾಲಿಗೆ ಬಂದದ್ದು ಚಾಂಗ್‌ಪಿಂಗ್ ಕದನ.

ಕಥೆ ಚುಟುಕಾಗಿ ಹೇಳಿಬಿಡುತ್ತೇನೆ. ಚೀನಾದಲ್ಲಿ ಏಳು ದೊಡ್ಡ ರಾಜ್ಯಗಳು ಕಿತ್ತಾಡುತ್ತಿದ್ದ ಕಾಲ. ಕ್ರಿ.ಪೂ. 262ರಲ್ಲಿ ಪಶ್ಚಿಮದ ಚಿನ್ ರಾಜ್ಯದ ಸೇನೆ, ಹಾನ್ ರಾಜ್ಯದ ಶಾಂಗ್‌ಡಾಂಗ್ ಸೀಮೆಗೆ ದಾರಿಯೇ ಇಲ್ಲದ ಹಾಗೆ ಮಾಡಿತು. ಅಲ್ಲಿನ ಅಧಿಕಾರಿ ಚಿನ್‌ಗೆ ಶರಣಾಗುವ ಬದಲು ಇಡೀ ಸೀಮೆಯನ್ನೇ ಝಾವೋ ರಾಜ್ಯಕ್ಕೆ ಕೊಟ್ಟುಬಿಟ್ಟ. ಪುಕ್ಕಟೆ ಬಂದದ್ದನ್ನು ಝಾವೋ ರಾಜ ಬೇಡ ಅನ್ನಲಿಲ್ಲ. ಹೀಗೆ ಜಗಳ ಶುರುವಾಯಿತು. ಝಾವೋ ಕಡೆಯ ಅನುಭವಿ ಸೇನಾಪತಿ ಲಿಯಾನ್ ಪೋ ಮೊದಲು ಒಂದೆರಡು ಪೆಟ್ಟು ತಿಂದ. ಆಮೇಲೆ ಗೋಡೆ ಕಟ್ಟಿ ಒಳಗೆ ಕೂತ. ಎಷ್ಟು ಕೆಣಕಿದರೂ ಹೊರಗೆ ಬರಲಿಲ್ಲ. ಚಿನ್‌ನವರು ದುಡ್ಡು ಚೆಲ್ಲಿ ಒಂದು ಗಾಳಿಸುದ್ದಿ ಹಬ್ಬಿಸಿದರು. ನಮಗೆ ಭಯ ಇರೋದು ಝಾವೋ ಕಡೆಯ ಎಳೆಯ ಸೇನಾಪತಿ ಝಾವೋ ಕುವೋ ಒಬ್ಬನದೇ ಅಂತ. ರಾಜ ನಂಬಿದ. ಕುವೋನ ಹೆತ್ತ ತಾಯಿಯೇ ಬೇಡ ಅಂದರೂ ಕೇಳದೆ, ಲಿಯಾನ್ ಪೋನನ್ನು ತೆಗೆದು ಅವನನ್ನು ಕಳಿಸಿದ. ಕುವೋ ಹೊರಗೆ ನುಗ್ಗಿದ, ಚಿನ್ ಸೇನೆ ಹಿಂದಿನಿಂದ ದಾರಿ ಮುಚ್ಚಿತು. 46 ದಿನ ಊಟವಿಲ್ಲ. ಕೊನೆಗೆ ಕುವೋ ಬಾಣಕ್ಕೆ ಸಿಕ್ಕಿ ಸತ್ತ, ಉಳಿದವರು ಶರಣಾದರು.

ಮೊದಲ ಪ್ಲೇಟೆಸ್ಟ್‌ಗೆ, ಅಂದರೆ ಆಟವನ್ನು ಆಡಿಸಿ ಪರೀಕ್ಷಿಸುವುದಕ್ಕೆ, ಝಾವೋ ಕಡೆ ಆಡಲು ಆರು ಜನ ಕೂತರು. ಆರೂ ಜನ ಗೋಡೆ ಹಿಂದೆಯೇ ಕೂತರು. ಹೊರಗೆ ಬಂದರೆ ಏನಾಗುತ್ತೆ ಅಂತ ಅವರಿಗೆ ಗೊತ್ತಿತ್ತು, ನಮ್ಮ ಮುನ್ನುಡಿಯಲ್ಲೇ ಬರೆದಿತ್ತಲ್ಲ! ಒಬ್ಬ ಎಡಗೈಯಲ್ಲಿ ಚುರುಮುರಿ ತಿನ್ನುತ್ತಾ ಬಲಗೈಯಲ್ಲಿ ಸುಮ್ನೆ 'ಮುಂದಿನ ಟರ್ನ್' ಒತ್ತುತ್ತಿದ್ದ. ಸ್ಕ್ರೀನ್ ಕಡೆ ನೋಡುತ್ತಲೂ ಇರಲಿಲ್ಲ. ಹಾಗೇ ಆಟ ಮುಗಿಯಿತು, ಅವನೇ ಗೆದ್ದ.

ನಾನು ಮಾಡಿದ ಮೊದಲ ರಿಪೇರಿ ಅಡ್ಡದಾರಿಯದು. ಹದಿನಾಲ್ಕನೇ ಟರ್ನ್‌ನಲ್ಲಿ ಒಂದು ಕಿಟಕಿ ತೆರೆದು, ರಾಜಾಜ್ಞೆ ಬಂದಿದೆ, ಲಿಯಾನ್ ಪೋ ಮನೆಗೆ ಹೋದ ಅಂತ ತೋರಿಸಿದೆ. ಚುರುಮುರಿ ಹುಡುಗ ಮೌಸ್ ಬಿಟ್ಟು ನನ್ನ ಕಡೆ ತಿರುಗಿದ. "ಸಾರ್, ಆಡ್ತಿರೋದು ನಾನಾ, ನೀವಾ?"

ಅವತ್ತು ರಾತ್ರಿ ಮತ್ತೆ ಓದಲು ಕೂತೆ. ಅಲ್ಲಿಯವರೆಗೆ ನಾನು ಆ ರಾಜನನ್ನು ಪೆದ್ದ ಅಂತಲೇ ಅಂದುಕೊಂಡಿದ್ದೆ. ಮ್ಯಾಪ್ ನೋಡಿದಾಗ ಬೇರೆಯದೇ ಕಂಡಿತು. ಝಾವೋ ರಾಜಧಾನಿ ಹಾನ್‌ಡಾನ್ ಇರುವುದು ತಾಯ್‌ಹಾಂಗ್ ಬೆಟ್ಟಸಾಲಿನ ಪೂರ್ವಕ್ಕೆ. ಸೇನೆ ಕೂತಿರುವುದು ಪಶ್ಚಿಮಕ್ಕೆ. ಪ್ರತಿ ಮೂಟೆಯೂ ಘಟ್ಟ ಹತ್ತಿ ಇಳಿಯಬೇಕು. ಎಳೆಯುವ ಪ್ರಾಣಿಗೂ ಮೇವು ಬೇಕು, ಜೊತೆಗಿರುವ ಆಳಿಗೂ ಊಟ ಬೇಕು. ಚಿನ್‌ನವರಿಗೆ ದೂರ ಜಾಸ್ತಿ ನಿಜ, ಆದರೆ ದವಸ ಸಾಗಿಸಲು ನದಿಗಳಿದ್ದವು. ಗೋಡೆ ಹಿಂದೆ ಕೂತ ಲಿಯಾನ್ ಪೋ ಸುರಕ್ಷಿತ. ಉಗ್ರಾಣದ ಕೀಲಿ ಹಿಡಿದ ರಾಜ ಅಲ್ಲ. ನಮ್ಮ ಆಟದಲ್ಲಿ ದವಸ ತಾನಾಗಿಯೇ ಬಂದು ಬೀಳುತ್ತಿತ್ತು. ಹಾಗಿದ್ದ ಮೇಲೆ ಯಾರು ಯಾಕೆ ಅವಸರಪಡುತ್ತಾರೆ?

ರಾಜಾಜ್ಞೆ ಕಿತ್ತುಹಾಕಿದೆ. ಬದಲಿಗೆ ಉಗ್ರಾಣದ ಲೆಕ್ಕ ತಂದೆ. ರಾಜಧಾನಿಯಿಂದ ನೂರು ಮೂಟೆ ಹೊರಟರೆ ಸೇನೆಗೆ ಮುಟ್ಟುವುದು ಅರವತ್ತು. (ಈ ಅರವತ್ತು ನನ್ನದು, ಇತಿಹಾಸದ್ದಲ್ಲ. ಎಂಬತ್ತು ಇಟ್ಟರೆ ಎಲ್ಲರೂ ಮತ್ತೆ ಚುರುಮುರಿಗೆ ಹೋಗುತ್ತಿದ್ದರು.) ಸೇನಾಪತಿ ಬದಲಿಸುವ ಬಟನ್ ಮೊದಲ ಟರ್ನ್‌ನಿಂದಲೇ ಇರುತ್ತೆ. ಒತ್ತಿ ಅಂತ ಯಾರೂ ಹೇಳುವುದಿಲ್ಲ. ಲಿಯಾನ್ ಪೋ ಇರುವಷ್ಟು ದಿನ ಸೇನೆ ಗೋಡೆ ದಾಟುವುದಿಲ್ಲ, ಅಷ್ಟೇ.

ಮುಂದಿನ ಸಲ ಆಡಿದ ಒಬ್ಬರು ಪಕ್ಕದಲ್ಲಿ ಹಾಳೆ ಇಟ್ಟುಕೊಂಡು ಕಳೆಯುವ ಲೆಕ್ಕ ಹಾಕುತ್ತಿದ್ದರು. ನಾಲ್ಕು ಟರ್ನ್‌ಗಾಗುವಷ್ಟು ಉಳಿದಿತ್ತು. ನೆರೆಯ ಚಿ ರಾಜ್ಯಕ್ಕೆ ದವಸದ ಸಾಲ ಕೇಳಿದರು, ಇಲ್ಲ ಅಂದರು. ನಿಜವಾಗಿಯೂ ಝಾವೋ ಕೇಳಿತ್ತು, ಚಿ ಕೊಟ್ಟಿರಲಿಲ್ಲ. ಪೆನ್ ಕೆಳಗಿಟ್ಟು, "ಥೂ, ಗೊತ್ತಿದ್ದೂ ಗೊತ್ತಿದ್ದೂ" ಅಂತ ಗೊಣಗಿ ಬಟನ್ ಒತ್ತಿದರು. ಅವತ್ತು ಆರರಲ್ಲಿ ನಾಲ್ವರು ಒತ್ತಿದರು.

ಇನ್ನೊಂದು ಎಡವಟ್ಟು ಹೇಳಲೇಬೇಕು. ಕುವೋ ಬಂದ ಮೇಲೆ ಚಿನ್ ಕೂಡ ಗುಟ್ಟಾಗಿ ತನ್ನ ಸೇನಾಪತಿ ವಾಂಗ್ ಹೆಯ ಮೇಲೆ ಬಾಯ್ ಚಿಯನ್ನು ಮುಖ್ಯ ಸೇನಾಪತಿ ಮಾಡಿತ್ತು. ಸುದ್ದಿ ಬಾಯಿಬಿಟ್ಟವರಿಗೆ ಮರಣದಂಡನೆ. ನಮ್ಮ ಆಟದಲ್ಲಿ ಮಾತ್ರ ಶತ್ರು ಬಾವುಟದ ಮೇಲೆ ಮೌಸ್ ಇಟ್ಟರೆ ಸಾಕು, ಅಲ್ಲಿ ಮೂಡುವ ಪುಟ್ಟ ಮಾಹಿತಿ ಚೀಟಿ (ಟೂಲ್‌ಟಿಪ್) 'ಬಾಯ್ ಚಿ' ಅಂತ ಕೂಗಿ ಹೇಳುತ್ತಿತ್ತು. ಈ ತಪ್ಪನ್ನು ಹಿಡಿದು ವರದಿ ಹಾಕಿದ ಟೆಸ್ಟರ್ ಕೆಳಗೆ ಬರೆದಿದ್ದ: ಯಾರ ತಲೆ ತೆಗೀಬೇಕು? ಕುದುರೆಗಳಿಗೆ ಬರೆದಿದ್ದ ರಿಕಾಪುಗಳನ್ನೂ ಅಳಿಸಬೇಕಾಯಿತು. ಚೀನಾದಲ್ಲಿ ಅವುಗಳ ಗುರುತು ಸಿಗುವುದು ಕ್ರಿ.ಶ. 4ನೇ ಶತಮಾನದ ಹೊತ್ತಿಗೆ.

ಕೊನೆಯ ಸ್ಕ್ರೀನ್ ಬಗ್ಗೆ ಜಾಸ್ತಿ ಜಗಳ ಆಯಿತು. ಶರಣಾದವರನ್ನು ಬಾಯ್ ಚಿ ಕೊಲ್ಲಿಸಿದ. ಇತಿಹಾಸಕಾರ ಸಿಮಾ ಚಿಯಾನ್ ಕೊಡುವ ಲೆಕ್ಕ 4 ಲಕ್ಷಕ್ಕೂ ಮೇಲೆ. ಈಗಿನವರು ಅಷ್ಟನ್ನು ನಂಬುವುದು ಕಷ್ಟ, ಆದರೆ ಶಾನ್ಶಿ ಪ್ರಾಂತ್ಯದ ಗಾವೋಪಿಂಗ್ ಬಳಿ ಮೂಳೆಗಳ ಗುಂಡಿಗಳು ಸಿಕ್ಕಿವೆ. ಚಿನ್ ಆಟಗಾರನಿಗೆ ಅದನ್ನೂ ಒಂದು ಬಟನ್ ಮಾಡಿ, ಪಾಯಿಂಟ್ ಕೊಡೋಣ ಅಂದರು ಒಬ್ಬರು. ನಾನು ಒಪ್ಪಲಿಲ್ಲ. ಈಗ ಗೆಲುವಿನ ನಗಾರಿ ಅಲ್ಲಿ ಬಾರಿಸುವುದಿಲ್ಲ. ಕಪ್ಪು ಸ್ಕ್ರೀನ್ ಮೇಲೆ ಝಾವೋಗೆ ವಾಪಸ್ ಬಂದವರ ಸಂಖ್ಯೆ ಮಾತ್ರ ಇರುತ್ತೆ. 240, ಎಲ್ಲರೂ ಎಳೆಯ ವಯಸ್ಸಿನವರು.