ಹಾಲು ಕಟ್ಟಿದ ಕಪಿಲೆ

ಬುಧವಾರದಿಂದ ಒಂದು ಮಾತು ನನ್ನನ್ನು ಬಿಟ್ಟಿಲ್ಲ. "ಈ ಹಸುವಿಗೆ ಹಿಂದೆ ಯಾವಾಗಲಾದರೂ ಹೀಗೆ ಆಗಿತ್ತೇ?" ಎಂದು ಕೇಳಿದೆ. ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದ ಗಂಡಸರೆಲ್ಲ ಒಟ್ಟಿಗೇ "ಇಲ್ಲ, ಇದೇ ಮೊದಲು" ಎಂದರು. ಅವರ ಹಿಂದೆ ಖಾಲಿ ಬಕೆಟ್ ಹಿಡಿದು ನಿಂತಿದ್ದ ಹೆಂಗಸೊಬ್ಬರು "ಆಗಿತ್ತಲ್ಲ" ಎಂದರು. ಒಬ್ಬರೂ ತಿರುಗಿ ನೋಡಲಿಲ್ಲ.

ತೀರ್ಥಹಳ್ಳಿ ಕಡೆಯ ಒಂಟಿ ಮನೆ. ಹಸುವಿಗೆ ಹುಳ ಮುಟ್ಟಿದೆ, ಬೇಗ ಬನ್ನಿ ಎಂದು ಫೋನ್ ಬಂದಿತ್ತು. ನಾನು ತಲುಪುವಷ್ಟರಲ್ಲಿ ಹಿಂಗಾಲಿಗೆ ಅರಿಶಿನ ಮೆತ್ತಿ ಆಗಿತ್ತು. ಪಕ್ಕದ ಮನೆಯವರು ಕೋಲು ಹಿಡಿದು ಹುಲ್ಲಿನ ಕುತ್ತರೆಯ ಬುಡದಲ್ಲಿ ಹಾವು ಹುಡುಕುತ್ತಿದ್ದರು. ಕಪಿಲೆ ಎಂಬ ಆ ಜರ್ಸಿ ಮಿಶ್ರತಳಿಯ ಹಸು ಕತ್ತನ್ನು ಮುಂದಕ್ಕೆ ಚಾಚಿ, ಬಾಯಿ ತೆರೆದು, ನಾಲಿಗೆ ಹೊರಗೆ ಹಾಕಿ ಉಸಿರೆಳೆಯುತ್ತಿತ್ತು. ರೆಪ್ಪೆಗಳು ಊದಿ ಕಣ್ಣು ಒಂದು ಗೆರೆಯಷ್ಟೇ ಉಳಿದಿತ್ತು. ಮೂತಿ ದಪ್ಪವಾಗಿತ್ತು. ಕತ್ತಿನಿಂದ ಪಕ್ಕೆಯವರೆಗೆ ಗಂಧೆಗಳು ಎದ್ದು, ಕೆಲವು ಅಂಗೈ ಅಗಲಕ್ಕೆ ಒಂದಕ್ಕೊಂದು ಕೂಡಿಕೊಂಡಿದ್ದವು. ಬಾಲದ ಕೆಳಗಿನ ಮೃದು ಚರ್ಮವೂ ಊದಿತ್ತು.

ಹಾವು ಕಚ್ಚಿದರೆ ಊತ ಕಚ್ಚಿದ ಜಾಗದಿಂದ ಹರಡುತ್ತದೆ. ಇಲ್ಲಿ ಎಡಗಣ್ಣು, ಬಲಗಣ್ಣು, ಮೂತಿ, ಬಾಲದ ಬುಡ, ಎಲ್ಲವೂ ಒಂದೇ ಹೊತ್ತಿಗೆ ಊದಿದ್ದವು. ಅಂದರೆ ಕಾರಣ ಯಾವುದೇ ಇರಲಿ, ಅದು ರಕ್ತದಲ್ಲಿತ್ತು. ಲಸಿಕೆ ಹಾಕಿಸಿಲ್ಲ, ಚುಚ್ಚುಮದ್ದು ಕೊಟ್ಟಿಲ್ಲ, ಮೇವು ಬದಲಿಸಿಲ್ಲ ಎಂದರು. ಆಗ ಕೆಚ್ಚಲು ಕಣ್ಣಿಗೆ ಬಿತ್ತು. ಗಡಿಯಾರ ಒಂಬತ್ತೂವರೆ ದಾಟಿತ್ತು. ಆರು ಗಂಟೆಗೇ ಖಾಲಿಯಾಗಿ ಜೋಲಬೇಕಿದ್ದ ಕೆಚ್ಚಲು ಬಿಗಿದು ಹೊಳೆಯುತ್ತಿತ್ತು. ಮೊಲೆಗಳು ಕೆಳಕ್ಕೆ ಇಳಿಯುವ ಬದಲು ಹೊರಕ್ಕೆ ಚಾಚಿದ್ದವು. ಹಿಂದಿನ ಒಂದು ಮೊಲೆಯಿಂದ ಹಾಲು ತಾನಾಗಿ ತೊಟ್ಟಿಕ್ಕುತ್ತಿತ್ತು.

ಹನ್ನೊಂದು ಗಂಟೆಗೆ ಕೊಳ್ಳುವವರು ಬರುವವರಿದ್ದರು. ಹಿಂದಿನ ಸಂಜೆಯ ಕರಾವೂ ಬೇಡ, ಬೆಳಗಿನದೂ ಬೇಡ ಎಂದು ದಲ್ಲಾಳಿ ಹೇಳಿಹೋಗಿದ್ದ. ದನದ ವ್ಯಾಪಾರ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತುಂಬಿದ ಕೆಚ್ಚಲಿಗೆ ಬೆಲೆ ಹೆಚ್ಚು. ಆ ಬೆಲೆಗಾಗಿ ಹಸು ಒಂದು ರಾತ್ರಿಯಿಡೀ ಕಾಲು ಅಗಲಿಸಿ ನಿಂತು ನೋವು ತಿನ್ನುತ್ತದೆ, ಕೆಚ್ಚಲು ಬಾವು ರೋಗಕ್ಕೆ ದಾರಿಯಾಗುತ್ತದೆ. ಇದನ್ನು ಚಾತುರ್ಯ ಎನ್ನುವವರ ಬಗ್ಗೆ ನನ್ನಲ್ಲಿ ಒಂದು ಮೆತ್ತನೆಯ ಮಾತೂ ಇಲ್ಲ. ಅದು ಹಿಂಸೆ, ಕೊಳ್ಳುವವನಿಗೆ ಮಾಡುವ ಮೋಸ.

ಕೆಚ್ಚಲು ನೋಡಿದ ಮೇಲೆಯೇ ನಾನು ಆ ಪ್ರಶ್ನೆ ಕೇಳಿದ್ದು. "ಆಗಿತ್ತಲ್ಲ" ಎಂದವರು ಯಜಮಾನರ ಅಕ್ಕ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ಕೊಟ್ಟಿಗೆಯ ಕೆಲಸವೆಲ್ಲ ತಮ್ಮದಾಗಿಸಿಕೊಂಡವರು. ಗಂಡಸರನ್ನು ಬದಿಗೆ ಸರಿಯಲು ಹೇಳಿ, "ಯಾವಾಗ ಅಕ್ಕ?" ಎಂದೆ.

"ಹೋದ ಸಲ ಹಾಲು ಬತ್ತಿಸುವಾಗ. ಕರೆಯುವುದು ಬಿಟ್ಟ ಎರಡನೆಯ ದಿನ ಕಣ್ಣು ಊದಿತು, ಮೈಮೇಲೆ ಗಂಧೆ ಎದ್ದಿತು. ಕೆಚ್ಚಲು ಕಲ್ಲಾಗಿತ್ತು. ನೋಡಲಾರದೆ ಹಿಂಡಿಬಿಟ್ಟೆ. ಸಂಜೆಗೆ ಎಲ್ಲ ಇಳಿಯಿತು. ಇವರಿಗೆ ಹೇಳಿದೆ. ಕಣಜ ಕಚ್ಚಿರಬೇಕು ಅಂದರು."

ರೋಗವೂ ಚಿಕಿತ್ಸೆಯೂ ಆ ಕೆಲವು ವಾಕ್ಯಗಳಲ್ಲೇ ಇದ್ದವು. ಕಪಿಲೆಗೆ ತನ್ನದೇ ಹಾಲಿನ ಅಲರ್ಜಿ.

ಕೇಳಿದವರು ನಂಬುವುದು ಕಷ್ಟ, ಆದರೆ ಇದು ಪಶುವೈದ್ಯ ಪುಸ್ತಕಗಳಲ್ಲಿ ಬಹುಕಾಲದಿಂದ ಇರುವ ಕಾಯಿಲೆ. ಜರ್ಸಿ, ಗರ್ನ್ಸಿ ತಳಿಗಳಲ್ಲಿ ಹೆಚ್ಚು. ಕೆಲವು ವಂಶಗಳಲ್ಲಿ ತಾಯಿಯಿಂದ ಮಗಳಿಗೂ ಬರುತ್ತದೆ. ಹಾಲಿನ ಮುಖ್ಯ ಪ್ರೋಟೀನುಗಳಲ್ಲಿ ಒಂದಾದ ಆಲ್ಫಾ ಕೇಸಿನ್ ತಯಾರಾಗುವುದು ಕೆಚ್ಚಲಿನೊಳಗೆ, ಹೊರಗೆ ಹೋಗುವುದು ಮೊಲೆಯ ಮೂಲಕ. ಸಾಮಾನ್ಯವಾಗಿ ಅದಕ್ಕೂ ರಕ್ತಕ್ಕೂ ಭೇಟಿ ಆಗುವುದು ಬಹಳ ಕಡಿಮೆ. ಯಾವುದು ತನ್ನದು, ಯಾವುದು ಹೊರಗಿನದು ಎಂಬ ಪಾಠವನ್ನು ರೋಗನಿರೋಧಕ ವ್ಯವಸ್ಥೆ ಕಲಿಯುವುದು ಬದುಕಿನ ಮೊದಲ ಭಾಗದಲ್ಲಿ. ಹಾಲು ಬರುವುದು ವರ್ಷಗಳ ನಂತರ. ಹಾಲು ಕಟ್ಟಿ ಕೆಚ್ಚಲಿನ ಒತ್ತಡ ಏರಿದಾಗ ಕೇಸಿನ್ ರಕ್ತಕ್ಕೆ ಜಿನುಗುತ್ತದೆ, ಪರಿಚಯವಿಲ್ಲದ ದೇಹ ಅದನ್ನು ಶತ್ರು ಎಂದು ಗುರುತು ಹಾಕಿಕೊಳ್ಳುತ್ತದೆ. ಅಂತಹ ಹಸುಗಳಲ್ಲಿ ಅದರ ವಿರುದ್ಧ ಐಜಿಇ ಎಂಬ ಪ್ರತಿಕಾಯ ಹುಟ್ಟಿ, ಚರ್ಮದ ಮತ್ತು ಶ್ವಾಸಕೋಶದ ಮಾಸ್ಟ್ ಜೀವಕೋಶಗಳ ಮೇಲೆ ಅಂಟಿ ಕಾಯುತ್ತದೆ. ಮತ್ತೆ ಹಾಲು ಕಟ್ಟಿದ ದಿನ ಆ ಜೀವಕೋಶಗಳು ಒಳಗಿನದನ್ನೆಲ್ಲ ಒಮ್ಮೆಲೇ ಹೊರಗೆ ಚೆಲ್ಲುತ್ತವೆ.

ಮೊದಲು ಅಡ್ರಿನಲಿನ್ ಕೊಟ್ಟೆ. ದನಗಳಲ್ಲಿ ಇಂತಹ ಆಘಾತದ ಪೆಟ್ಟು ಬೀಳುವುದು ಶ್ವಾಸಕೋಶದ ಮೇಲೆ, ಅಲ್ಲಿ ತಡಮಾಡುವಂತಿಲ್ಲ. ನಾಯಿಯಾದರೆ ಯಕೃತ್ತಿನ ರಕ್ತನಾಳಗಳು ಬಿಗಿದುಕೊಂಡು, ವಾಂತಿ ಭೇದಿಯಾಗಿ ಕುಸಿಯುತ್ತದೆ. ಬೆಕ್ಕು ಮುಖವನ್ನು ಪರಚಿಕೊಳ್ಳುತ್ತಾ ಉಸಿರು ಕಟ್ಟಿಸಿಕೊಳ್ಳುತ್ತದೆ. ಅಲರ್ಜಿ ಎಂದೊಡನೆ ಎಲ್ಲರಿಗೂ ನೆನಪಾಗುವ ಹಿಸ್ಟಮಿನ್‌ನ ಪಾತ್ರ ದನಗಳಲ್ಲಿ ಅಷ್ಟು ದೊಡ್ಡದಲ್ಲ. ಬೇರೆ ರಾಸಾಯನಿಕಗಳಾದ ಸಿರೊಟೋನಿನ್, ಕೈನಿನ್, ಲ್ಯೂಕೋಟ್ರಯೀನ್‌ಗಳ ಹಾವಳಿಯೇ ಜಾಸ್ತಿ. ಹಾಗಾಗಿ ಹಿಸ್ಟಮಿನ್ ತಡೆಯುವ ಎವಿಲ್ ಒಂದನ್ನೇ ಚುಚ್ಚಿ ಕೈಕಟ್ಟಿ ಕೂರಲು ಆಗುವುದಿಲ್ಲ. ಅದನ್ನೂ ಕೊಟ್ಟು, "ಈಗ ಹಾಲು ಕರೆಯಿರಿ, ಕೊನೆಯ ಹನಿಯವರೆಗೆ" ಎಂದೆ.

ದಲ್ಲಾಳಿ ಅಡ್ಡ ಬಂದ. "ಹಸು ಸಾಯುತ್ತಿದೆ, ನೀವು ಹಾಲಿನ ಮಾತಾಡುತ್ತೀರಿ. ಇಂಜೆಕ್ಷನ್ ಆಯಿತಲ್ಲ, ಒಂದು ತಾಸು ತಡೆದರೆ ಅವರೂ ಬಂದುಬಿಡುತ್ತಾರೆ" ಎಂದ. ಯಜಮಾನರು ನನ್ನನ್ನೂ ಅವನನ್ನೂ ನೋಡುತ್ತಾ ನಿಂತರು. ಕೆಟ್ಟ ಮನುಷ್ಯರಲ್ಲ ಅವರು. ಸೊಸೈಟಿಯ ಸಾಲದ ಕಂತು ತಲೆಯ ಮೇಲಿದೆ, ಅಡಿಕೆಗೆ ಕೊಳೆರೋಗ ಬಂದ ವರ್ಷ. ಆದರೆ ತಮ್ಮ ಹಸುವಿನ ಯಾವ ಮೊಲೆ ಬಿಗಿ ಎಂಬುದು ಅವರಿಗೆ ತಿಳಿಯದು. ಅಕ್ಕ ಯಾರ ಒಪ್ಪಿಗೆಗೂ ಕಾಯಲಿಲ್ಲ. ಬಕೆಟ್ ಇಟ್ಟು ಕುಳಿತೇಬಿಟ್ಟರು.

ಅಲ್ಲೇ ಕಷ್ಟ ಇದ್ದದ್ದು. ಹೆದರಿದ ಹಸು ಸೊರೆ ಬಿಡುವುದಿಲ್ಲ. ಹೆದರಿಕೆಯಲ್ಲಿ ದೇಹ ತಾನೇ ಅಡ್ರಿನಲಿನ್ ಸುರಿಸುತ್ತದೆ, ಅದು ಹಾಲಿಳಿಸುವ ಆಕ್ಸಿಟೋಸಿನ್‌ನ ಕೆಲಸವನ್ನು ತಡೆಯುತ್ತದೆ. ಈಗ ಉಸಿರು ಉಳಿಸಲೆಂದು ನಾನೇ ಅದನ್ನು ಮೇಲಿಂದ ಕೊಟ್ಟಿದ್ದೆ. ಮೊದಲಿಗೆ ಎರಡು ಸಣ್ಣ ಧಾರೆ ಬಂದು ನಿಂತುಹೋಯಿತು. ಅಕ್ಕ ಮೊಲೆಯನ್ನು ಎಳೆಯಲಿಲ್ಲ. ಕರುವನ್ನು ಬಿಡಿಸಿ ತರಲು ಹೇಳಿದರು. ಸುತ್ತ ನಿಂತವರನ್ನೆಲ್ಲ ಹೊರಗೆ ಕಳುಹಿಸಿದರು, ದಲ್ಲಾಳಿಯನ್ನು ಹೆಸರು ಹಿಡಿದು. ಕರು ನಾಲ್ಕೂ ಮೊಲೆಗೆ ಒಂದೊಂದು ಸಲ ಗುದ್ದಿತು. ಅಕ್ಕ ಬೆರಳಿಗೆ ಎಣ್ಣೆ ಸವರಿಕೊಂಡು, ಹೊಕ್ಕುಳಿನಿಂದ ಕೆಚ್ಚಲಿನ ಬುಡದವರೆಗೆ ಅಂಗೈಯಿಂದ ನೀವುತ್ತಾ, "ಬಾ ಕಪಿಲೆ, ಬಿಡು, ಬಿಡು" ಎನ್ನುತ್ತಿದ್ದರು. ಕೈ ಒಮ್ಮೆಯೂ ಅವಸರ ಮಾಡಲಿಲ್ಲ. ಸ್ವಲ್ಪ ಹೊತ್ತಿಗೆ ಮೊಲೆ ತುಂಬಿ ಬಂತು, ಬಕೆಟ್‌ನಲ್ಲಿ ಧಾರೆಯ ಸದ್ದು ದಪ್ಪವಾಯಿತು. ಅದು ತುಂಬಿದ ಮೇಲೆ ಇನ್ನೊಂದು ಪಾತ್ರೆ ಬೇಕಾಯಿತು. ಹಾಲು ಇಳಿದಂತೆ ಹಸುವಿನ ಕತ್ತು ಇಳಿಯಿತು, ಬಾಯಿ ಮುಚ್ಚಿತು, ಉಸಿರು ಮೂಗಿಗೆ ಮರಳಿತು. ಮಧ್ಯಾಹ್ನದ ಹೊತ್ತಿಗೆ ಕಣ್ಣು ಅರ್ಧ ತೆರೆದು ಮೆಲುಕು ಹಾಕತೊಡಗಿತು. ನನ್ನ ಕೈಚೀಲದಲ್ಲಿದ್ದ ಯಾವ ಔಷಧಿಯೂ ಒಂಟಿಯಾಗಿ ಮಾಡಲಾಗದ ಕೆಲಸ ಅದು.

ಮನೆಗೆ ಬಂದ ಮೇಲೂ ಅದೇ ಮಾತು. "ಇದೇ ಮೊದಲು." "ಆಗಿತ್ತಲ್ಲ." ನಿದ್ದೆಯ ನಡುವೆ ಎದ್ದು ಕುಳಿತಾಗಲೂ ಅದೇ.

ಅಲರ್ಜಿಯ ಈ ವಿಜ್ಞಾನ ಶುರುವಾದದ್ದೇ ಒಂದು ಪ್ರಾಣಿಯ ಎರಡನೆಯ ಸಲದಿಂದ. ಫ್ರಾನ್ಸಿನ ಶಾರ್ಲ್ ರಿಶೆ ಮತ್ತು ಪಾಲ್ ಪೋರ್ಟಿಯೆ, ಮೊನಾಕೊದ ರಾಜಕುಮಾರ ಒಂದನೆಯ ಆಲ್ಬರ್ಟ್‌ನ ಹಡಗಿನಲ್ಲಿ ಸಮುದ್ರಜೀವಿಗಳ ವಿಷದ ಅಧ್ಯಯನ ಆರಂಭಿಸಿ, ಪ್ಯಾರಿಸ್‌ಗೆ ಮರಳಿ ಅದನ್ನು ನಾಯಿಗಳ ಮೇಲೆ ಮುಂದುವರಿಸಿದರು. ನೆಪ್ಚೂನ್ ಎಂಬ ಗಟ್ಟಿಮುಟ್ಟಾದ ನಾಯಿಗೆ ಕಡಲ ಹೂವು ಎಂಬ ಸಮುದ್ರಜೀವಿಯ ವಿಷ ಕೊಟ್ಟಾಗ ಏನೂ ಆಗಲಿಲ್ಲ. 22 ದಿನಗಳ ನಂತರ ಅಷ್ಟೇ ಪ್ರಮಾಣವನ್ನು ಮತ್ತೆ ಕೊಟ್ಟರು. ಕೆಲವೇ ಕ್ಷಣಗಳಲ್ಲಿ ಕುಸಿದ ನೆಪ್ಚೂನ್ 25 ನಿಮಿಷಗಳಲ್ಲಿ ಸತ್ತಿತು. 1902ರಲ್ಲಿ ಅವರು ಅದನ್ನು ಅನಾಫೈಲಾಕ್ಸಿಸ್ ಎಂದು ಕರೆದರು. 1913ರಲ್ಲಿ ರಿಶೆಗೆ ನೊಬೆಲ್ ಬಂತು. ಆ ನಾಯಿಯ ಹೆಸರು ಉಳಿದಿರುವುದು ನನಗೆ ಸಮಾಧಾನದ ಸಂಗತಿ. ಮುಂದೆ 1963ರಲ್ಲಿ ಇಂತಹ ಅತಿಪ್ರತಿಕ್ರಿಯೆಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ ಇಬ್ಬರಲ್ಲಿ ಒಬ್ಬರಾದ ರಾಬಿನ್ ಕೂಂಬ್ಸ್ ಎಡಿನ್‌ಬರೋದಲ್ಲಿ ಪಶುವೈದ್ಯ ಓದಿದವರು. ಮನುಷ್ಯರ ವೈದ್ಯರೂ ಇಂದಿಗೂ ಅದನ್ನೇ ಕಲಿಯುತ್ತಾರೆ ಎಂಬುದು ನಮ್ಮ ವೃತ್ತಿಯವರು ಹೆಮ್ಮೆಪಡಬೇಕಾದ ವಿಷಯ.

ಮೊದಲ ಸಲ ದೇಹ ಗುರುತು ಹಾಕಿಕೊಳ್ಳುತ್ತದೆ ಅಷ್ಟೇ, ಹೊರಗೆ ಏನೂ ಕಾಣದಿರಬಹುದು. ಆದ್ದರಿಂದ ಆಘಾತಕ್ಕೆ ಒಳಗಾದ ಪ್ರಾಣಿಗೆ ಒಂದು ಹಿಂದಿನ ಸಲ ಇದ್ದೇ ಇರುತ್ತದೆ ಎಂದುಕೊಂಡು ಹುಡುಕುವುದು ನಮ್ಮ ಕೆಲಸ. ಹೋದ ವರ್ಷ ಯಾರೋ ಹಾಕಿದ ಪೆನಿಸಿಲಿನ್ ಆಗಿರಬಹುದು, ಲಸಿಕೆಯ ನಂತರ ಮುಖ ತುಸು ಊದಿ ಇಳಿದದ್ದಿರಬಹುದು, ಎರಡು ಗಂಧೆ ಎದ್ದು ಮಾಯವಾದದ್ದಿರಬಹುದು. ಅದನ್ನು ನೋಡಿದವರು ಕೊಟ್ಟಿಗೆಯಲ್ಲಿ ಇದ್ದವರು. ಆದರೆ ಡಾಕ್ಟರ ಜತೆ ಮಾತಾಡಲು ಅಂಗಳಕ್ಕೆ ಬರುವವರು ಬೇರೆ. ವಿಮೆಯ ಕಾಗದಕ್ಕೆ ಸಹಿ ಹಾಕುವವರು, ಕಿವಿಯ ಓಲೆಯ 12 ಅಂಕಿಗಳನ್ನು ಮೊಬೈಲ್‌ನಲ್ಲಿ ಇಟ್ಟುಕೊಂಡವರು, ಡೇರಿಯ ಸಭೆಗೆ ಹೋಗುವವರು ಮುಂದೆ ನಿಲ್ಲುತ್ತಾರೆ. ದಿನಕ್ಕೆ ಎರಡು ಸಲ ಆ ಚರ್ಮಕ್ಕೆ ಹಣೆ ಒತ್ತಿ ಕುಳಿತವರು ಬಕೆಟ್ ಹಿಡಿದು ಹಿಂದೆ ನಿಲ್ಲುತ್ತಾರೆ. ಕಣಜ ಕಚ್ಚಿರಬೇಕು ಎಂಬ ಒಂದು ಮಾತಿಗೆ ಆ ಮನೆಯಲ್ಲಿ ಹೋದ ಸಲದ ಸುಳಿವು ಸತ್ತುಹೋಯಿತು. ನಾಯಿ ಸಾಕಿದ ಮನೆಗಳಲ್ಲೂ ಹಾಗೆಯೇ. ಚುಚ್ಚುಮದ್ದಿನ ಪುಸ್ತಕ ತಂದವರಿಗೆ ನಾಯಿ ಕಳೆದ ಸಲ ಮನೆಗೆ ಹೋಗಿ ವಾಂತಿ ಮಾಡಿದ್ದು ಗೊತ್ತಿರುವುದಿಲ್ಲ, ನೆಲ ಒರೆಸಿದವರಿಗೆ ಗೊತ್ತಿರುತ್ತದೆ.

ಹನ್ನೊಂದೂವರೆಗೆ ಕೊಳ್ಳುವವನು ಬಂದ. ಹೊಸದಾಗಿ ಡೇರಿ ಕಟ್ಟುತ್ತಿರುವ ಹುಡುಗ. "ಡಾಕ್ಟರೇ, ಇದನ್ನೆಲ್ಲ ಹೇಳಲು ಹೋಗಬೇಡಿ" ಎಂದು ದಲ್ಲಾಳಿ ನನ್ನ ಕಿವಿಯ ಬಳಿ ಬಂದು ಹೇಳಿ ಮುಗಿಸುವ ಮೊದಲೇ ಅಕ್ಕ ಜಗಲಿಯಿಂದ ಹೇಳಿಬಿಟ್ಟರು: "ಇದಕ್ಕೆ ಹಾಲು ಕಟ್ಟಿದರೆ ಆಗುವುದಿಲ್ಲ. ಈಗಷ್ಟೇ ಬದುಕಿದೆ." ದಲ್ಲಾಳಿ ಬೈಕ್ ಹತ್ತಿ ಹೋದ. ಹುಡುಗ ಹೋಗಲಿಲ್ಲ. ಕೆಳಗಿನ ಮೆಟ್ಟಿಲ ಮೇಲೆ ಕುಳಿತು, "ಹಾಗಾದರೆ ಬತ್ತಿಸುವುದು ಹೇಗೆ?" ಎಂದು ಅಕ್ಕನನ್ನೇ ಕೇಳಿದ. ಅದು ಸರಿಯಾದ ಪ್ರಶ್ನೆ, ಸರಿಯಾದವರನ್ನು ಕೇಳಿದ ಪ್ರಶ್ನೆ. ಆ ಹುಡುಗ ಹೈನುಗಾರಿಕೆಯಲ್ಲಿ ಮುಂದೆ ಬರುತ್ತಾನೆ ಎಂದು ನನಗೆ ಅನ್ನಿಸಿತು. ಯೋಚಿಸಿ ಹೇಳುತ್ತೇನೆ ಎಂದು ಹೋಗಿದ್ದಾನೆ.

ನಿನ್ನೆ ಮತ್ತೆ ಹೋಗಿ ಖಚಿತ ಮಾಡಿಕೊಂಡೆ. ಕಪಿಲೆಯದೇ ಹಾಲನ್ನು ಬಹಳ ತೆಳುವಾಗಿಸಿ ಒಂದು ಹನಿಯಷ್ಟನ್ನು ಕತ್ತಿನ ಚರ್ಮದೊಳಗೆ ಚುಚ್ಚಿದೆ, ಪಕ್ಕದಲ್ಲಿ ಬರೀ ಸಲೈನ್. ಹತ್ತು ಸಾವಿರಕ್ಕೆ ಒಂದರಷ್ಟು ತೆಳುವಾದ ಹಾಲಿಗೂ ಇಂತಹ ಹಸುಗಳ ಚರ್ಮ ಊದುತ್ತದೆ. ನಿಮಿಷಗಳಲ್ಲೇ ಹಾಲು ಚುಚ್ಚಿದ ಕಡೆ ದಪ್ಪ ಗುಳ್ಳೆ ಎದ್ದಿತು, ಸಲೈನ್ ಕಡೆ ಏನೂ ಇಲ್ಲ. ಅಕ್ಕ ಬೆರಳಿನಿಂದ ಎರಡನ್ನೂ ಮುಟ್ಟಿ ನೋಡಿದರು. ಯಜಮಾನರು ಐದು ತಿಂಗಳ ಹೆಣ್ಣುಕರುವನ್ನು ನೋಡುತ್ತಾ, "ಇದಕ್ಕೂ ಬರಬಹುದೇ?" ಎಂದರು. ಬರಬಹುದು, ಅದು ಕರು ಹಾಕಿ ಹಾಲು ಕೊಡುವವರೆಗೆ ಗೊತ್ತಾಗುವುದಿಲ್ಲ ಎಂದೆ.

ಕಪಿಲೆ ಈಗ ಮೂರು ತಿಂಗಳ ಗಬ್ಬ. ಬತ್ತಿಸುವ ಹೊತ್ತಿಗೆ ಇನ್ನು ನಾಲ್ಕು ತಿಂಗಳಿದೆ. ಮಾರಲಿ, ಇಟ್ಟುಕೊಳ್ಳಲಿ, ಆಗ ಹಿಂಡಿಯನ್ನು ಮೊದಲೇ ಇಳಿಸಬೇಕು, ಕರಾವನ್ನು ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡಬೇಕು, ರೆಪ್ಪೆ ಊದಿದ ಕೂಡಲೇ ಪೂರ್ತಿ ಹಿಂಡಬೇಕು. ಅಷ್ಟಕ್ಕೂ ತಡೆಯದಿದ್ದರೆ ಬತ್ತಿಸುವ ಯೋಚನೆಯನ್ನೇ ಬಿಟ್ಟು ಕರು ಹಾಕುವವರೆಗೂ ಕರೆಯುತ್ತಿರಬೇಕು. ಇಷ್ಟನ್ನೂ ಹಸುವಿನ ಕಾರ್ಡಿನ ಹಿಂಬದಿಯಲ್ಲಿ ಬರೆದೆ, ಹಿಂದಿನ ಸಲ ಆದದ್ದನ್ನು ಅಕ್ಕ ಹೇಳಿದ ಮಾತುಗಳಲ್ಲೇ. ನನ್ನ ನಂಬರನ್ನು ಅಕ್ಕನ ಮೊಬೈಲ್‌ನಲ್ಲಿ ಹಾಕಿಕೊಟ್ಟೆ. ಬತ್ತಿಸಲು ಶುರುಮಾಡುವ ಹಿಂದಿನ ದಿನ ತಾವೇ ಫೋನ್ ಮಾಡುತ್ತೇನೆ ಎಂದಿದ್ದಾರೆ.