ಇಂಗ್ಲಿಷ್ ಬರೋರಿಗೆ ಕಲಿಸೋಕೂ ಬರುತ್ತೆ ಅಲ್ವಾ?

ಮಕ್ಕಳಿಗೆ ಇಂಗ್ಲಿಷ್ ಓದಲು ಕಲಿಸುವ ಟೀಚರ್ ಆಗಲು ಹೊರಟವರಿಗೆ ಪಾಠ ಮಾಡುವುದು ನನ್ನ ಕೆಲಸ. ಹಾಗೆ ಹೇಳಿದ ಕೂಡಲೇ ಬರುವ ಪ್ರಶ್ನೆ ಒಂದೇ: ‘ಇಂಗ್ಲಿಷ್ ಓದೋಕೆ ಬರೋರಿಗೆ ಕಲಿಸೋಕೂ ಬರುತ್ತೆ ಅಲ್ವಾ? ಅದರಲ್ಲಿ ನೀವು ಹೇಳಿಕೊಡೋದು ಏನಿದೆ?’ ಕೇಳುವವರಲ್ಲಿ ಕೊಂಕೇನೂ ಇರುವುದಿಲ್ಲ. ಅದಕ್ಕೇ ಒಮ್ಮೆ ಕೂತು ಉತ್ತರ ಬರೆಯುತ್ತಿದ್ದೇನೆ.

ಬರಲ್ಲ. ಎಷ್ಟೋ ಸಲ ಓದು ಸಲೀಸಾಗಿ ಬರುವವರಿಗೇ ಕಲಿಸುವುದು ಜಾಸ್ತಿ ಕಷ್ಟ. ಅಕ್ಷರ ಕಂಡ ತಕ್ಷಣ ಅವರಿಗೆ ಅರ್ಥ ಹೊಳೆದುಬಿಡುತ್ತದೆ. ನಡುವೆ ಏನು ನಡೆಯಿತು ಅನ್ನುವುದು ಗಮನಕ್ಕೇ ಬರುವುದಿಲ್ಲ. ಹೊಸ ಬ್ಯಾಚ್ ಬಂದಾಗ ನಾನು ಕೇಳುವ ಮೊದಲ ಪ್ರಶ್ನೆ: ‘ಬಾಕ್ಸ್’ ಅನ್ನುವ ಪದದಲ್ಲಿ ಎಷ್ಟು ಸದ್ದುಗಳಿವೆ? ಮೂರು ಅನ್ನುವವರೇ ಹೆಚ್ಚು. ಅವರು ಎಣಿಸಿದ್ದು ಬಿ, ಒ, ಎಕ್ಸ್ ಎಂಬ ಅಕ್ಷರಗಳನ್ನು. ನಿಧಾನವಾಗಿ ಹೇಳಿ ನೋಡಿ. ಎಕ್ಸ್ ಒಳಗೆ ಕ್ ಮತ್ತು ಸ್ ಎರಡೂ ಇವೆ. ಒಟ್ಟು ನಾಲ್ಕು. ಪುಟ್ಟ ಮಗು ಇದನ್ನು ಬಿ-ಒ-ಕೆ-ಎಸ್ ಅಂತ ಬರೆದರೆ ಅದರ ಕಿವಿ ಚುರುಕಾಗಿದೆ ಎಂದೇ ಅರ್ಥ. ಅದು ತಿಳಿಯದ ಟೀಚರ್ ಸುಮ್ನೆ ಕೆಂಪು ಗೆರೆ ಎಳೆದು ಮುಂದೆ ಹೋಗುತ್ತಾರೆ. ಇಂಗ್ಲಿಷಿನಲ್ಲಿ ಅಕ್ಷರಗಳು 26, ಸದ್ದುಗಳು ಸುಮಾರು 44. ತೊಂದರೆ ಶುರುವಾಗುವುದೇ ಅಲ್ಲಿಂದ.

ಆಮೇಲೆ ತಪ್ಪುಗಳನ್ನು ಕೇಳಿಸಿಕೊಳ್ಳುವ ಪಾಠ. ನನ್ನ ಪ್ರಕಾರ ಈ ಕೆಲಸದ ಜೀವ ಇರುವುದು ಇಲ್ಲೇ. ‘ಶಿ ಲಿವ್ಸ್ ಇನ್ ಎ ಹೌಸ್’ ಅನ್ನುವ ವಾಕ್ಯ ತಗೊಳ್ಳಿ. ಒಂದು ಮಗು ಕೊನೆಯ ಪದವನ್ನು ‘ಹೋಮ್’ ಅನ್ನುತ್ತದೆ. ಇನ್ನೊಂದು ‘ಹಾರ್ಸ್’ ಅನ್ನುತ್ತದೆ. ಮಾರ್ಕು ಹಾಕುವವರಿಗೆ ಎರಡೂ ತಪ್ಪೇ. ಆದರೆ ಮೊದಲನೆಯದು ಅರ್ಥ ಹಿಡಿದು, ಮೊದಲ ಅಕ್ಷರ ನೋಡಿ ಊಹಿಸಿದೆ. ಅದರ ಕಣ್ಣು ಪದದ ಕೊನೆಯವರೆಗೂ ಹೋಗುವಂತೆ ಮಾಡಬೇಕು. ಎರಡನೆಯದು ಅಕ್ಷರಗಳನ್ನು ನೋಡಿದೆ, ಒಂದು ಮಾತ್ರ ತಪ್ಪಿದೆ. ಅದನ್ನು ‘ಕುದುರೆಯೊಳಗೆ ಯಾರಾದ್ರೂ ವಾಸ ಮಾಡ್ತಾರಾ?’ ಅಂತ ಕೇಳಿದರೆ ಅದೇ ನಕ್ಕು ತಿದ್ದಿಕೊಳ್ಳಬಹುದು. ಮೂರನೆಯ ಮಗುವೂ ಒಂದಿದೆ. ತಪ್ಪಿಲ್ಲದೆ ಪಟಪಟ ಓದುತ್ತದೆ, ಏನು ಓದಿದೆ ಅಂತ ಕೇಳಿದರೆ ಗೊತ್ತಿಲ್ಲ. ತರಗತಿಯಲ್ಲಿ ಯಾರ ಕಣ್ಣಿಗೂ ಬೀಳದೆ ಹೋಗುವುದು ಈ ಮಗುವೇ.

1986ರಲ್ಲಿ ಗಾಫ್ ಮತ್ತು ಟನ್ಮರ್ ಎಂಬ ಸಂಶೋಧಕರು ಓದನ್ನು ಒಂದು ಗುಣಾಕಾರವಾಗಿ ತೋರಿಸಿದರು: ಅಕ್ಷರ ಬಿಡಿಸುವ ಶಕ್ತಿ ಗುಣಿಸು ಭಾಷೆ ಅರ್ಥವಾಗುವ ಶಕ್ತಿ. ಕೂಡುವುದಲ್ಲ, ಗುಣಿಸುವುದು. ಒಂದು ಸೊನ್ನೆಯಾದರೆ ಎಲ್ಲವೂ ಸೊನ್ನೆ. ಫೋನಿಕ್ಸ್ (ಅಕ್ಷರಕ್ಕೆ ಸದ್ದು ಜೋಡಿಸಿ ಓದಿಸುವ ವಿಧಾನ) ಒಂದೇ ಸಾಕು, ಕಥೆ ಪುಸ್ತಕ ಒಂದೇ ಸಾಕು ಅಂತ ಎರಡು ಬಣ ಕಟ್ಟಿಕೊಂಡು ಜಗಳವಾಡುವವರು ಇದನ್ನೊಮ್ಮೆ ನೋಡಬೇಕು.

ಇಷ್ಟನ್ನು ತಿಳಿಸಿಕೊಡುವುದು ಕಷ್ಟವಲ್ಲ. ಹಳೆಯ ರೂಢಿ ಬಿಡಿಸುವುದು ಕಷ್ಟ. ಸಮಾಜಶಾಸ್ತ್ರಜ್ಞ ಡ್ಯಾನ್ ಲಾರ್ಟಿ 1975ರಲ್ಲೇ ಹೇಳಿದ್ದರು: ಶಾಲೆ ಮುಗಿಸುವಷ್ಟರಲ್ಲಿ ಒಬ್ಬ ವಿದ್ಯಾರ್ಥಿ ಸುಮಾರು 13,000 ಗಂಟೆ ಟೀಚರ್‌ಗಳ ಎದುರು ಕಳೆದಿರುತ್ತಾನೆ. ಅಷ್ಟು ಹೊತ್ತು ನೋಡಿದ್ದರ ಎದುರು ನಮ್ಮ ಕೋರ್ಸ್ ಯಾವ ಲೆಕ್ಕ? ಬೋಧನಾಭ್ಯಾಸಕ್ಕೆ ನಿಂತ ತಕ್ಷಣ, ತಮಗೆ ಯಾರು ಹೇಗೆ ಕಲಿಸಿದ್ದರೋ ಹಾಗೇ ಕಲಿಸತೊಡಗುತ್ತಾರೆ. ಪ್ರಶ್ನೆ ಕೇಳುತ್ತಾರೆ, ಮಗು ಬಾಯಿ ತೆರೆಯುವ ಮೊದಲೇ ಉತ್ತರವನ್ನೂ ತಾವೇ ಹೇಳುತ್ತಾರೆ. ಟೀಚರ್‌ಗಳು ಕಾಯುವುದು ಸರಾಸರಿ ಒಂದೇ ಸೆಕೆಂಡು, ಮೂರು ಸೆಕೆಂಡು ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ ಅಂತ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ತೋರಿಸಿ ಐವತ್ತು ವರ್ಷವಾಯಿತು. ಪ್ರಶಿಕ್ಷಣಾರ್ಥಿಗಳಿಗೆ ಇದನ್ನು ಬಾಯಲ್ಲಿ ಹೇಳಿದರೆ ತಲೆಯಾಡಿಸುತ್ತಾರೆ ಅಷ್ಟೆ. ಅವರ ಪಾಠದ ವಿಡಿಯೋವನ್ನೇ ಹಾಕಿ ಕೈಗೆ ಸ್ಟಾಪ್‌ವಾಚ್ ಕೊಡಬೇಕು.

‘ಹಾಗಾದ್ರೆ ಒಳ್ಳೆ ಇಂಗ್ಲಿಷ್ ಬೇಡ್ವಾ?’ ಅಂತ ಮುಂದಿನ ಪ್ರಶ್ನೆ ಬರುತ್ತದೆ. ಬೇಕು. ಟೀಚರ್ ಆಡುವ ಭಾಷೆಯನ್ನೇ ಮಕ್ಕಳು ಎತ್ತಿಕೊಳ್ಳುತ್ತಾರೆ. ಆದರೆ ಕೋರ್ಸಿಗೆ ಬಂದವರಲ್ಲಿ ನಾನು ನೋಡುವುದು ಇನ್ನೊಂದಿದೆ. ತಡವರಿಸಿ ಓದುವ ಮಗುವಿನ ರೆಕಾರ್ಡಿಂಗ್ ಕೇಳಿಸಿ, ಈ ಮಗುವಿಗೆ ಏನೇನು ಬರುತ್ತದೆ ಅಂತ ಕೇಳುತ್ತೇನೆ. ಮೂರು ನಾಲ್ಕು ವಿಷಯ ಹೆಕ್ಕಿ ಹೇಳುವವರನ್ನು ಬೇಗನೆ ತರಗತಿಗೆ ಕಳಿಸಬಹುದು. ‘ಏನೂ ಬರಲ್ಲ’ ಅನ್ನುವವರಿಗೆ ಅದೇ ರೆಕಾರ್ಡಿಂಗ್ ಇನ್ನೊಮ್ಮೆ ಹಾಕುತ್ತೇನೆ.