ಒಣನೆಲದ ಮೇಲೆ ಹನ್ನೆರಡು ಗಂಟೆ ಹುಟ್ಟು

ಸದಸ್ಯರೊಬ್ಬರಿಗೆ ಮೋಟಾರ್ ನ್ಯೂರಾನ್ ಕಾಯಿಲೆ ಎಂದು ಗೊತ್ತಾದರೆ ಬ್ರಿಟನ್ನಿನ ಜಿಮ್‌ಗಳಲ್ಲಿ ಉಳಿದವರು ಸುಮ್ಮನೆ ಕೂರುವುದಿಲ್ಲ. ಒಂದು ಶನಿವಾರ ಗೊತ್ತು ಮಾಡಿ, ದೋಣಿಯ ಹುಟ್ಟು ಹಾಕುವಂತೆ ಎಳೆಯುವ ರೋಯಿಂಗ್ ಮಷೀನಿನ ಮೇಲೆ ಸರದಿಯಂತೆ ಕೂತು, ಬೆಳಗಿನಿಂದ ರಾತ್ರಿಯವರೆಗೆ ಹುಟ್ಟು ಹಾಕಿ ದಾನಿಗಳಿಂದ ಹಣ ಕೂಡಿಸುತ್ತಾರೆ. ಸ್ನಾಯುಗಳನ್ನು ಆಡಿಸುವ ನರಕೋಶಗಳೇ ಸಾಯುತ್ತಾ ಹೋಗುವ ಈ ಕಾಯಿಲೆ ಕೈಕಾಲು, ಮಾತು, ನುಂಗುವ ಶಕ್ತಿ, ಕೊನೆಗೆ ಉಸಿರನ್ನೂ ಕಸಿಯುತ್ತದೆ. ಇಲ್ಲಿನ ಜನಕ್ಕೆ ಇದರ ಪರಿಚಯವಾದದ್ದರಲ್ಲಿ ಲೀಡ್ಸ್‌ನ ರಗ್ಬಿ ಆಟಗಾರ ರಾಬ್ ಬರೋ ಅವರ ಪಾತ್ರ ದೊಡ್ಡದು. ಅವರ ಅಂಗಿಯ ಸಂಖ್ಯೆ 7. ಅದಕ್ಕೇ ಗೆಳೆಯ ಕೆವಿನ್ ಸಿನ್‌ಫೀಲ್ಡ್ 2020ರ ಡಿಸೆಂಬರಿನಲ್ಲಿ 7 ದಿನದಲ್ಲಿ 7 ಮ್ಯಾರಥಾನ್ ಓಡಿದರು. ಬರೋ 2024ರ ಜೂನ್‌ನಲ್ಲಿ ತೀರಿಕೊಂಡರು.

ಹುಟ್ಟು ಹಾಕುವುದು ಸುಲಭ. ಹಣ ಯಾರ ಖಾತೆಗೆ ಹೋಗಬೇಕು ಎನ್ನುವುದೇ ಕಷ್ಟ, ಮೊದಲು ಇತ್ಯರ್ಥವಾಗಬೇಕಾದದ್ದೂ ಅದೇ. ನೋಂದಾಯಿತ ಚಾರಿಟಿಗೆ, ಅಂದರೆ ಸೇವಾ ಸಂಸ್ಥೆಗೆ ಕೊಟ್ಟರೆ ಗಿಫ್ಟ್ ಏಡ್ ಸಿಗುತ್ತದೆ: ದಾನಿ ಕೊಟ್ಟ ಪ್ರತಿ ಪೌಂಡಿಗೆ ಸರ್ಕಾರ 25 ಪೆನ್ಸ್ ಸೇರಿಸುತ್ತದೆ. ಕಾಯಿಲೆಯವರ ಹೆಸರಿನಲ್ಲೇ ನೇರವಾಗಿ ಕೂಡಿಸಿದರೆ ಅದಿಲ್ಲ. ಅದಕ್ಕಿಂತ ದೊಡ್ಡ ಪೆಟ್ಟು ಬೇರೆ ಇದೆ. ಅವರು ಯೂನಿವರ್ಸಲ್ ಕ್ರೆಡಿಟ್ ಎಂಬ ಸರ್ಕಾರಿ ನೆರವಿನಲ್ಲಿದ್ದರೆ, ಉಳಿತಾಯ 6,000 ಪೌಂಡ್ ದಾಟಿದ ಮೇಲೆ ಪ್ರತಿ 250 ಪೌಂಡಿಗೆ ತಿಂಗಳಿಗೆ 4.35 ಪೌಂಡ್ ಕಡಿತವಾಗುತ್ತದೆ. 16,000 ದಾಟಿದರೆ ನೆರವೇ ನಿಲ್ಲುತ್ತದೆ. ಒಳ್ಳೆಯ ಮನಸ್ಸಿನಿಂದ ಖಾತೆಗೆ 20,000 ಹಾಕಿ, ತಿಂಗಳ ಅನ್ನಕ್ಕೆ ಕಲ್ಲು ಹಾಕಿದಂತಾಗುತ್ತದೆ! ಹಾಗಾಗಿ ತಿಳಿದವರು ನಗದು ಕೊಡದೆ ಇಳಿಜಾರು ಹಲಗೆ, ಸ್ನಾನದ ಕುರ್ಚಿಯಂಥ ಸಾಮಾನನ್ನೇ ಕೊಂಡುಕೊಡುತ್ತಾರೆ. ಮೊತ್ತ ದೊಡ್ಡದಾದರೆ ಮೊದಲೇ ವಕೀಲರನ್ನು ಕಂಡು, ಹಣವನ್ನು ಅವರ ಪರವಾಗಿ ಬೇರೆಯವರು ನೋಡಿಕೊಳ್ಳುವ ಟ್ರಸ್ಟಿನ ಬಗ್ಗೆ ಕೇಳುತ್ತಾರೆ.

ಊರಿನಿಂದ ದುಡ್ಡು ಹಾಕುವ ಚಿಕ್ಕಪ್ಪ, ಅತ್ತೆಯರಿಗೊಂದು ಮಾತು: ಗಿಫ್ಟ್ ಏಡ್ ಚೌಕದಲ್ಲಿ ಟಿಕ್ ಹಾಕಬೇಡಿ. ಅದು ಇಲ್ಲಿ ತೆರಿಗೆ ಕಟ್ಟಿದವರಿಗೆ ಮಾತ್ರ. ಓದಲು ಬಂದು ಇನ್ನೂ ತೆರಿಗೆ ಕಟ್ಟದ ಹುಡುಗರೂ ಹಾಕಬಾರದು. ಚಾರಿಟಿ ಪಡೆದಷ್ಟು ತೆರಿಗೆಯನ್ನು ದಾನಿ ಕಟ್ಟಿಲ್ಲದಿದ್ದರೆ ವ್ಯತ್ಯಾಸವನ್ನು ಅವರಿಂದಲೇ ವಸೂಲು ಮಾಡಬಹುದು.

ಇನ್ನು ಮಷೀನು. 500 ಮೀಟರಿಗೆ ಎರಡೂವರೆ ನಿಮಿಷ, ಅಂದರೆ ಗಂಟೆಗೆ 12 ಕಿ.ಮೀ. ಸಾಮಾನ್ಯರೂ ಹಿಡಿಯಬಹುದಾದ ವೇಗ. 12 ಗಂಟೆಗೆ 144 ಕಿ.ಮೀ., ಹೆಚ್ಚುಕಡಿಮೆ ಬೆಂಗಳೂರಿನಿಂದ ಮೈಸೂರು. ಆದರೆ ಕಾಗದದ ಲೆಕ್ಕ ಮಷೀನಿನ ಮೇಲೆ ನಿಲ್ಲುವುದಿಲ್ಲ. ಐದೈದು ನಿಮಿಷಕ್ಕೆ ಆಳು ಬದಲಾದರೆ, ಪ್ರತಿ ಬದಲಾವಣೆಗೆ 15 ಸೆಕೆಂಡ್ ಹಿಡಿದರೂ ಗಂಟೆಗೆ 3 ನಿಮಿಷ ಹೋಯಿತು. ಮೈಸೂರು ಸಿಗದೆ ಏಳು ಕಿ.ಮೀ. ಮೊದಲೇ ನಿಲ್ಲುತ್ತೀರಿ. ಹೆಚ್ಚು ಹೊತ್ತು ತಿನ್ನುವುದು ಕಾಲಿನ ಪಟ್ಟಿ ಮತ್ತು ಹಿಮ್ಮಡಿ ತಟ್ಟೆ ಸರಿಮಾಡುವ ಕೆಲಸ. ಪಾದದ ಅಳತೆ ಹತ್ತಿರವಿರುವ ಆರು ಜನರನ್ನು ಒಂದು ಪಾಳಿಗೆ ಹಾಕಿದರೆ ಅದು ತಪ್ಪುತ್ತದೆ. ಎರಡು ಗಂಟೆಯ ಪಾಳಿಯಲ್ಲಿ ತಲಾ 5 ನಿಮಿಷ ಎಳೆತ, 25 ನಿಮಿಷ ವಿಶ್ರಾಂತಿ. ಆರು ಪಾಳಿಗೆ 36 ಜನ ಬೇಕು. ಮೇಲೆ ನಾಲ್ಕೈದು ಜನ ಕಾದಿರಲಿ. ಊಟದ ನಂತರದ ಪಾಳಿಗೆ ಹೆಸರು ಕೊಟ್ಟವರು ಕೈಕೊಡುವುದು ಹೆಚ್ಚು.

ಗಾಲಿಯ ಪಕ್ಕದ ಲಿವರನ್ನು 10ಕ್ಕೆ ಏರಿಸಿದರೆ ದೂರ ಬೇಗ ಕರಗುತ್ತದೆಂಬ ಭ್ರಮೆ ಹೊಸಬರಿಗೆ. ಅದು ಗಾಳಿಯನ್ನು ಹೆಚ್ಚು ಒಳಬಿಡುತ್ತದೆ, ಎಳೆತ ಭಾರವಾಗುತ್ತದೆ, ಸೊಂಟ ಸೋಲುತ್ತದೆ. 4ರ ಹತ್ತಿರ ಇಟ್ಟು ನಿಮಿಷಕ್ಕೆ 22–24 ಎಳೆತ ಸಾಕು. ಮಾನಿಟರಿಗೆ ಹೊಸ ಬ್ಯಾಟರಿ ಹಾಕಿ. ಆದರೂ ಅದನ್ನೇ ನಂಬಬೇಡಿ: ಪ್ರತಿ ಬದಲಿಗೂ ದೂರವನ್ನು ಹಾಳೆಯಲ್ಲಿ ಬರೆಯಲು ಒಬ್ಬರು ಕೂರಲೇಬೇಕು. ಸದಸ್ಯರಲ್ಲದವರು ಬಂದರೆ ಜಿಮ್ಮಿನ ವಿಮೆ ಅವರಿಗೂ ಅನ್ವಯಿಸುತ್ತದೆಯೇ ಎಂದು ಬರಹದಲ್ಲಿ ಕೇಳಿಕೊಳ್ಳಿ.

ಕಾಯಿಲೆಯವರು ಬರುವುದಾದರೆ ಹೊತ್ತನ್ನು ಅವರೇ ಆರಿಸಲಿ. ಶೀತ, ಕೆಮ್ಮು ಇರುವವರು ಮನೆಯಲ್ಲೇ ಉಳಿಯಲಿ: ಉಸಿರಿನ ಸ್ನಾಯು ಸೋತವರಿಗೆ ಕಫ ಹೊರಹಾಕುವುದೇ ಕಷ್ಟ. ಮೈಕ್ ಕೊಟ್ಟು ಮಾತಾಡಿಸುವುದು, ಕೇಳದೆ ಫೋಟೋ ತೆಗೆಯುವುದು ಬೇಡ.

ಹಾಲ್‌ನ ಮೂಲೆಯಲ್ಲಿ ತಿಂಡಿ ಮತ್ತು ರ‍್ಯಾಫಲ್ (ಟಿಕೆಟ್ ಮಾರಿ, ಚೀಟಿ ಎತ್ತಿ ಬಹುಮಾನ ಕೊಡುವ ಆಟ) ಇರುತ್ತದೆ. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ನಲ್ಲಿ ಟಿಕೆಟನ್ನು ಕಾರ್ಯಕ್ರಮದ ಜಾಗದಲ್ಲೇ, ಅದು ನಡೆಯುತ್ತಿರುವಾಗಲೇ ಮಾರಿದರೆ ಪರವಾನಗಿ ಬೇಡ. ಬಂದ ಹಣದಲ್ಲಿ ಖರ್ಚಿಗೆ 100, ಬಹುಮಾನಕ್ಕೆ 500 ಪೌಂಡಿಗಿಂತ ಹೆಚ್ಚು ಕಳೆಯುವಂತಿಲ್ಲ. ಟಿಕೆಟಿನ ಹಣಕ್ಕೆ ಗಿಫ್ಟ್ ಏಡ್ ಇಲ್ಲ, ಡಬ್ಬಿ ಬೇರೆ ಇಡಿ. ತಿಂಡಿಯಲ್ಲಿ ಕನ್ನಡದ ಮನೆಗಳವರು ಎಡವುವುದು ಅಲರ್ಜಿ ಚೀಟಿಯಲ್ಲಿ. ಇಲ್ಲಿ ಗುರುತಿಸಿರುವ 14 ಅಲರ್ಜಿ ಪದಾರ್ಥಗಳಲ್ಲಿ ಕಡಲೆಕಾಯಿ, ಗೋಡಂಬಿ, ಹಾಲು, ಗೋಧಿ ಇರುವುದು ಎಲ್ಲರಿಗೂ ಗೊತ್ತು. ಎಳ್ಳು, ಸಾಸಿವೆಯೂ ಇವೆ. ಚಿತ್ರಾನ್ನದ ಒಗ್ಗರಣೆ ಒಂದೇ ಸಾಕು, ಸಾಸಿವೆ, ಕಡಲೆಕಾಯಿ ಎಂದು ಎರಡು ಹೆಸರು ಬರೆಯಬೇಕು. ಇಂಗು ಹಾಕಿದ್ದರೆ ಡಬ್ಬಿ ತಿರುಗಿಸಿ ನೋಡಿ: ಹೆಚ್ಚಿನವುಗಳಲ್ಲಿ ಗೋಧಿ ಹಿಟ್ಟು ಬೆರೆತಿರುತ್ತದೆ, ಅದೂ ಚೀಟಿಗೆ ಹೋಗಬೇಕು.